ಆಕಾಶದಿಂದ ಬಂದವರು, ಘಟ್ಟದಿಂದ ಇಳಿದವರು



ಶತಮಾನೋತ್ಸವದ ವೇದಿಕೆಯಲ್ಲಿ ಸಿನಿಮಾದ ಮಾತೇಕೆ, ಅದರಲ್ಲಿಯೂ ಅನ್ಯಗ್ರಹದ ಜೀವಿಗಳು ಭೂಮಿಯ ಮೇಲೆ ದಾಳಿಯಿಡುವ ಸಿನಿಮಾದ ಮಾತೇಕೆ ಎಂದು ತಮಗೆ ಅನ್ನಿಸಬಹುದು. 2004ರಿಂದ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವವು ಪಣಜಿಯಲ್ಲಿ ನೆರವೇರುತ್ತಿದೆ. ಲೋಕದ ಚಿತ್ರಗಳೆಲ್ಲ ನಮ್ಮ ಮನೆಬಾಗಿಲಿಗೇ ಬಂದಂತಾಗಿದೆ. ನಮ್ಮ ಮಕ್ಕಳಂತೂ ಅನ್ಯಗ್ರಹದವರ ಕಥೆಗಳನ್ನು ಮೊಬೈಲಿನಲ್ಲಿಯೇ ನೋಡುತ್ತಾರೆ. ಅವರು ಆಟಕ್ಕೆಂದು ನೋಡುವುದನ್ನು ಹಿರಿಯರಾದ ನಾವು ಒಮ್ಮೆ ವಿಚಾರಿಸಿ ನೋಡುವುದು ಒಳ್ಳೆಯದು. ಏಕೆಂದರೆ ಆ ಚಿತ್ರಗಳ ಮುಖ್ಯ ಪಾತ್ರ ‘ಹೊರಗಿನಿಂದ ಬಂದವನು’. ಗೋವಾದಲ್ಲಿ ಬಾಳುತ್ತಿರುವ ಕನ್ನಡಿಗರಾದ ನಮಗೆ ಆ ಹೆಸರು ಹೊಸದಲ್ಲ.

ಈ ಬಗೆಯ ಕಥೆಗಳಿಗೆಲ್ಲ ಮೂಲಪುರುಷನೆನ್ನಬಹುದಾದವನು ಇಂಗ್ಲೆಂಡಿನ ಎಚ್. ಜಿ. ವೆಲ್ಸ್. 1898ರಲ್ಲಿ ಪುಸ್ತಕವಾಗಿ ಬಂದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯಲ್ಲಿ ಮಂಗಳ ಗ್ರಹದವರು ಲಂಡನ್ ಪ್ರಾಂತವನ್ನು ಸುಟ್ಟು ಸೂರೆಗೊಳ್ಳುತ್ತಾರೆ. ಆಗ ಬ್ರಿಟನ್ ಜಗತ್ತಿನ ಬಹುದೊಡ್ಡ ಸಾಮ್ರಾಜ್ಯವಾಗಿತ್ತು. ಅಂಥ ಬಲಶಾಲಿಗಳಿಗೆ ಇದೆಂಥ ಭಯ? ವೆಲ್ಸ್ ತನ್ನ ಮೊದಲ ಅಧ್ಯಾಯದಲ್ಲಿಯೇ ಉತ್ತರವಿಟ್ಟಿದ್ದಾನೆ. ಯುರೋಪಿನಿಂದ ಹೋದವರು ಟ್ಯಾಸ್ಮೇನಿಯಾದ ಮೂಲನಿವಾಸಿಗಳನ್ನು ನಿರ್ಮೂಲ ಮಾಡಿದ್ದನ್ನು ನೆನಪಿಸಿ, ಮಂಗಳದವರನ್ನು ದೂರಲು ನಮಗೇನು ಅಧಿಕಾರ ಎಂಬ ಅರ್ಥದ ಪ್ರಶ್ನೆಯನ್ನು ಓದುಗರ ಮುಂದಿಡುತ್ತಾನೆ. ತಾವು ಪರರಿಗೆ ಮಾಡಿದ್ದು ತಮಗೇ ತಿರುಗಿ ಬಂದೀತೆಂಬುದು ಆ ಕಥೆಯೊಳಗಿನ ಭಯ. ಗೋವಾದ ಮಣ್ಣಿಗೆ ಇದು ಕಲ್ಪನೆಯ ಮಾತಲ್ಲ. 1510ರಲ್ಲಿ ಆಲ್ಫೊನ್ಸೊ ಡಿ ಅಲ್ಬುಕರ್ಕ್ ಬಿಜಾಪುರದ ಆದಿಲಶಾಹಿಯಿಂದ ಗೋವಾವನ್ನು ಕಸಿದುಕೊಂಡನು. ಅಂದು ದಿಗಂತದಲ್ಲಿ ಕಾಣಿಸಿಕೊಂಡ ಹಡಗುಗಳ ಆಳ್ವಿಕೆ 1961ರ ಡಿಸೆಂಬರ್ 19ರವರೆಗೆ ನಡೆಯಿತು. ಲಂಡನ್ನಿನವರು ಕಥೆಯಾಗಿ ಓದಿದ್ದನ್ನು ಈ ನಾಡು ಇತಿಹಾಸವಾಗಿ ಅನುಭವಿಸಿದೆ.

ಮುಂದಿನ ಕಾಲದವರು ಅದೇ ಕಥೆಗೆ ತಮ್ಮ ತಮ್ಮ ಭಯಗಳನ್ನು ತೊಡಿಸಿದರು. 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ಅದನ್ನು ಅಮೆರಿಕದ ರೇಡಿಯೊದಲ್ಲಿ ವಾರ್ತೆಯ ಧಾಟಿಯಲ್ಲಿ ಪ್ರಸಾರ ಮಾಡಿದಾಗ ಕೆಲವರು ನಿಜವೆಂದೇ ನಂಬಿ ಗಾಬರಿಗೊಂಡರು. ಯುರೋಪಿನಲ್ಲಿ ಮ್ಯೂನಿಕ್ ಒಪ್ಪಂದವಾಗಿ ಆಗಿನ್ನೂ ಒಂದು ತಿಂಗಳು. ಯುದ್ಧದ ವಾರ್ತೆಗೆ ಎಲ್ಲರೂ ಕಿವಿಗೊಟ್ಟಿದ್ದ ಕಾಲವದು. 1953ರಲ್ಲಿ ಅದೇ ಕಥೆ ಚಲನಚಿತ್ರವಾದಾಗ ಮಂಗಳದವರ ಮೇಲೆ ಅಣುಬಾಂಬನ್ನೇ ಹಾಕಲಾಗುತ್ತದೆ, ಅದೂ ನಿಷ್ಫಲವಾಗುತ್ತದೆ. ಸೋವಿಯತ್ ಒಕ್ಕೂಟವು 1949ರಲ್ಲಿ ತನ್ನ ಮೊದಲ ಅಣುಬಾಂಬನ್ನು ಪರೀಕ್ಷಿಸಿತ್ತು. ಬಾಂಬು ತಮ್ಮೊಬ್ಬರ ಬಳಿ ಮಾತ್ರ ಇದೆಯೆಂಬ ಅಮೆರಿಕನ್ನರ ನೆಮ್ಮದಿ ಆಗಲೇ ಕದಡಿತ್ತು.

ಜಪಾನಿನ ‘ಗೊಡ್ಜಿಲ್ಲಾ’ ಬಂದದ್ದು 1954ರ ನವೆಂಬರಿನಲ್ಲಿ. ಅದೇ ವರ್ಷ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬಿನ ಪರೀಕ್ಷೆಯಿಂದ ಹಾರಿದ ವಿಷಭಸ್ಮವು ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಬಿದ್ದು, ಅದರಲ್ಲಿದ್ದ 23 ಮಂದಿಯೂ ಅಸ್ವಸ್ಥರಾದರು. ಒಬ್ಬನು ಕೆಲವೇ ತಿಂಗಳಲ್ಲಿ ತೀರಿಕೊಂಡನು. ಚಿತ್ರದಲ್ಲಿ ಬಾಂಬಿನ ಪರೀಕ್ಷೆಯಿಂದ ಕೆರಳಿದ ದೈತ್ಯಪ್ರಾಣಿಯು ಸಮುದ್ರದಿಂದೆದ್ದು ಬರುತ್ತದೆ. ಅದರ ಮೊದಲ ಬಲಿಯೂ ಸಮುದ್ರದ ಮೇಲಿದ್ದ ಹಡಗೇ. ಆ ದೃಶ್ಯವನ್ನು ಕಂಡ ಜಪಾನೀಯರಿಗೆ ಬೇರೆ ವ್ಯಾಖ್ಯಾನ ಬೇಕಾಗಿರಲಿಲ್ಲ.

1956ರ ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ ಇನ್ನೂ ಸೂಕ್ಷ್ಮವಾದುದು. ಅದರಲ್ಲಿ ಯುದ್ಧವಿಲ್ಲ. ಪುಟ್ಟ ಊರೊಂದರ ಜನ ಒಬ್ಬೊಬ್ಬರಾಗಿ ಬದಲಾಗುತ್ತಾರೆ. ಮುಖ ಅದೇ, ದನಿ ಅದೇ, ಒಳಗಿನ ಮನುಷ್ಯ ಮಾತ್ರ ಬೇರೆ. ಕಮ್ಯುನಿಸ್ಟರು ಗುಟ್ಟಾಗಿ ನುಸುಳುತ್ತಾರೆಂಬ ಭಯ ಇದೆಂದು ಕೆಲವರು ಹೇಳಿದರು. ಕಮ್ಯುನಿಸ್ಟರನ್ನು ಹುಡುಕುವ ನೆಪದಲ್ಲಿ ಎಲ್ಲರನ್ನೂ ಒಂದೇ ಅಚ್ಚಿಗೆ ಒತ್ತುತ್ತಿದ್ದವರ ಭಯ ಇದೆಂದು ಬೇರೆ ಕೆಲವರು ಹೇಳಿದರು. ಒಂದೇ ಚಿತ್ರ ಇಬ್ಬರಿಗೂ ಕನ್ನಡಿಯಾಯಿತು.

ಇಂಥ ಭಯ ನಮ್ಮ ಕನ್ನಡ ನಾಡಿಗೂ ಹೊರತಲ್ಲ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹವಿದ್ದುದನ್ನು ನಮ್ಮಲ್ಲಿ ಹಲವರು ಬಲ್ಲರು. ರಾತ್ರಿ ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ, ಬರಹವನ್ನು ಓದಿದರೆ ಹಿಂದಿರುಗುತ್ತದೆ ಎಂಬ ವದಂತಿ ಊರೂರು ಹಬ್ಬಿತ್ತು. ನಗರಗಳು ಬೆಳೆದು, ಪಕ್ಕದ ಮನೆಯವರು ಯಾರೆಂದು ತಿಳಿಯದಂತಾಗುತ್ತಿದ್ದ ಕಾಲವದು. ಅಕ್ಷರ ಬಲ್ಲ ದೆವ್ವವೆಂದು ಇಂದು ನಾವು ನಗುತ್ತೇವೆ. ಅಂದು ಸುಣ್ಣದ ಕಡ್ಡಿ ಹಿಡಿದು ಬರೆದವರಲ್ಲಿ ಓದಿದವರೂ ಇದ್ದರು.

ಹೊರಗಿನಿಂದ ಬಂದವನು ವೈರಿಯೇ ಆಗಬೇಕೆಂಬ ನಿಯಮವೇನೂ ಇಲ್ಲ. 1967ರಲ್ಲಿ ಸತ್ಯಜಿತ್ ರಾಯ್ ‘ದಿ ಏಲಿಯನ್’ ಎಂಬ ಚಿತ್ರಕಥೆಯನ್ನು ಬರೆದರು. ಅದು ಚಿತ್ರವಾಗಲೇ ಇಲ್ಲ. ಅದರಲ್ಲಿ ಅನ್ಯಗ್ರಹದ ನೌಕೆ ಬಂಗಾಳದ ಹಳ್ಳಿಯೊಂದರ ಕೆರೆಗೆ ಇಳಿಯುತ್ತದೆ. ನೀರಿನಿಂದ ಮೇಲೆದ್ದ ಅದರ ತುದಿಯನ್ನು ಕಂಡು ಜನ ದೇವಾಲಯವೆಂದು ಭಾವಿಸುತ್ತಾರೆ. ಬಂದ ಜೀವಿ ಬಡವನ ಹೊಲದ ಬೆಳೆಯನ್ನು ಒಂದೇ ರಾತ್ರಿಯಲ್ಲಿ ಮಾಗಿಸುತ್ತದೆ. ದೇಶ ಬರಗಾಲದಿಂದ ಬಳಲಿ, ಅಮೆರಿಕದ ಗೋಧಿಗಾಗಿ ಕೈಚಾಚಿದ್ದ ವರ್ಷಗಳವು. ಹಸಿವು ನಮ್ಮ ಭಯವಾಗಿತ್ತು. ಆದ್ದರಿಂದಲೇ ನಮ್ಮ ಕಥೆಯಲ್ಲಿ ಆಕಾಶದಿಂದ ಬಂದವನು ಅನ್ನದಾತನಾದನು.

ಈಗ ನಮ್ಮ ವಿಷಯಕ್ಕೇ ಬರೋಣ. 2009ರ ‘ಡಿಸ್ಟ್ರಿಕ್ಟ್ 9’ ಚಿತ್ರದಲ್ಲಿ ಅನ್ಯಗ್ರಹದವರು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿಗೆ ಬಂದು ಸಿಕ್ಕಿಬಿದ್ದಿದ್ದಾರೆ. ತಗಡಿನ ಜೋಪಡಿಗಳಲ್ಲಿ ಅವರ ವಾಸ. ಊರಿನವರು ಅವರಿಗೊಂದು ಹೀನಾಯದ ಹೆಸರಿಟ್ಟಿದ್ದಾರೆ. ಅವರನ್ನೆಲ್ಲ ಊರಾಚೆಗೆ ಸಾಗಿಸುವ ಸಿದ್ಧತೆ ನಡೆದಿದೆ. ಕೇಪ್‌ಟೌನಿನ ‘ಡಿಸ್ಟ್ರಿಕ್ಟ್ ಸಿಕ್ಸ್’ ಬಡಾವಣೆಯನ್ನು 1966ರಲ್ಲಿ ಬಿಳಿಯರಿಗೆ ಮೀಸಲೆಂದು ಘೋಷಿಸಿ, 60,000ಕ್ಕೂ ಹೆಚ್ಚು ಜನರನ್ನು ಹೊರಹಾಕಿದ ಇತಿಹಾಸದ ನೆರಳು ಆ ಹೆಸರಿನಲ್ಲಿಯೇ ಇದೆ. ಆ ಚಿತ್ರವನ್ನು ನೋಡುವಾಗ ಗೋವಾದ ಕನ್ನಡಿಗನ ಕಣ್ಣು ಜೋಪಡಿಯ ಕಡೆಗೇ ಹೋಗುತ್ತದೆ. ಮುರಗಾಂವ್ ಬಂದರಿನಲ್ಲಿ, ವಾಸ್ಕೊದ ಬೀದಿಗಳಲ್ಲಿ, ಮಡಗಾಂವ್ ಮಾಪುಸಾಗಳ ಕಟ್ಟಡಗಳಲ್ಲಿ ಬೆವರು ಸುರಿಸಿದ ನಮ್ಮ ಹಿರಿಯರು ‘ಘಾಂಟಿ’, ‘ಭಾಯ್ಲೆ’ ಎಂಬ ಮಾತುಗಳನ್ನು ಕೇಳಿಸಿಕೊಂಡೇ ಮಕ್ಕಳನ್ನು ಓದಿಸಿದರು. ಘಟ್ಟದ ಮೇಲಿನವನು, ಹೊರಗಿನವನು ಎಂದಷ್ಟೇ ಆ ಪದಗಳ ಅರ್ಥ. ಆಡುವ ದನಿ ಮಾತ್ರ ಬೇರೆಯೇ ಆಗಿರುತ್ತದೆ.

ಆದರೂ ನ್ಯಾಯವಾದ ಮಾತನ್ನು ಆಡಲೇಬೇಕು. ಗೋವಾದವರ ಭಯ ನಿರಾಧಾರವಾದುದಲ್ಲ. ಸುಮಾರು 3,700 ಚದರ ಕಿಲೋಮೀಟರಿನ ಪುಟ್ಟ ರಾಜ್ಯವಿದು. ನೆರೆರಾಜ್ಯದಲ್ಲಿ ವಿಲೀನವಾಗಬೇಕೇ ಬೇಡವೇ ಎಂದು 1967ರ ಜನಮತ ಸಂಗ್ರಹದಲ್ಲಿ ಅವರು ಮತ ಹಾಕಿ ತಮ್ಮತನವನ್ನು ಉಳಿಸಿಕೊಂಡರು. ಕೊಂಕಣಿಯು ರಾಜಭಾಷೆಯಾಗಲು 1987ರವರೆಗೆ ಹೋರಾಡಿದರು. ನೆಲವೂ ನುಡಿಯೂ ಕೈತಪ್ಪಿಹೋದಾವೆಂಬ ಆತಂಕ ಕನ್ನಡಿಗರಿಗೆ ಅರ್ಥವಾಗದ್ದೇನಲ್ಲ. ನಮ್ಮ ಬೆಂಗಳೂರಿನಲ್ಲಿಯೂ ಅದೇ ಆತಂಕವಿದೆ. 2012ರ ಆಗಸ್ಟ್ ತಿಂಗಳಲ್ಲಿ ಅಲ್ಲಿ ಹಬ್ಬಿದ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದಾಗ, ಬಾಗಿಲೊಳಗಿನವರಾಗಿ ನಿಂತಿದ್ದವರು ನಾವೇ. ಇಲ್ಲಿ ಹೊರಗಿನವರಾದ ನಾವು ಅಲ್ಲಿ ಒಳಗಿನವರು.

ದಾಳಿಯ ಚಿತ್ರಗಳ ದೊಡ್ಡ ದೋಷ ಇಲ್ಲಿಯೇ ಇದೆ. ಆಳಲು ಬಂದವನಿಗೂ ದುಡಿಯಲು ಬಂದವನಿಗೂ ಅವು ಒಂದೇ ವೇಷ ತೊಡಿಸುತ್ತವೆ. ಅಲ್ಬುಕರ್ಕ್ ಫಿರಂಗಿ ತಂದನು. ಘಟ್ಟದಿಂದ ಇಳಿದ ನಮ್ಮವರು ಕರಣೆ, ಹಾರೆ, ಬುಟ್ಟಿಗಳನ್ನು ತಂದರು. ಭಯಗೊಂಡ ಕಣ್ಣಿಗೆ ಈ ಭೇದ ಕಾಣುವುದಿಲ್ಲ. ಭಯದ ಕಾರಣ ದೊಡ್ಡವರ ಬಳಿಯಿದ್ದರೂ ಅದರ ಪೆಟ್ಟು ಕೈಗೆಟಕುವ ಬಡವನ ಮೇಲೆಯೇ ಬೀಳುತ್ತದೆ.

2016ರ ‘ಅರೈವಲ್’ ಚಿತ್ರದಲ್ಲಿ ಈ ಗಂಟನ್ನು ಬಿಡಿಸಲು ಕರೆಸುವುದು ಒಬ್ಬ ಭಾಷಾಶಾಸ್ತ್ರದ ಅಧ್ಯಾಪಕಿಯನ್ನು. ಆಕೆ ಫಲಕದ ಮೇಲೆ ‘ಮನುಷ್ಯ’ ಎಂಬ ಒಂದು ಪದವನ್ನು ಬರೆದು ಬಂದವರಿಗೆ ತೋರಿಸುತ್ತಾಳೆ. ಅಲ್ಲಿಂದ ಪಾಠ ಮೊದಲಾಗುತ್ತದೆ. ಮುಂದೆ ಅವರ ಒಂದು ಪದಕ್ಕೆ ಶಸ್ತ್ರವೆಂದು ಅರ್ಥಮಾಡಿ ಜಗತ್ತು ಯುದ್ಧಕ್ಕೆ ಸಿದ್ಧವಾಗುತ್ತದೆ. ಆ ಪದಕ್ಕೆ ಸಲಕರಣೆ ಎಂಬ ಅರ್ಥವೂ ಇರಬಹುದೆಂದು ಆಕೆ ವಾದಿಸುತ್ತಾಳೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ‘ಆಯುಧ’ ಎಂಬ ಪದದಲ್ಲಿ ಎರಡು ಅರ್ಥಗಳೂ ಇವೆ. ಆಯುಧಪೂಜೆಯ ದಿನ ನಾವು ಕುಂಕುಮವಿಡುವುದು ಕತ್ತಿಗಿಂತ ಹೆಚ್ಚಾಗಿ ಕರಣೆಗೆ, ಹೊಲಿಗೆಯಂತ್ರಕ್ಕೆ, ಲಾರಿಗೆ, ಪುಸ್ತಕಕ್ಕೆ.

ನೂರು ವರ್ಷಗಳಿಂದ ಈ ಶಾಲೆ ಮಾಡುತ್ತ ಬಂದದ್ದು ಆ ಅಧ್ಯಾಪಕಿಯ ಕೆಲಸವನ್ನೇ. ಮನೆಯ ನುಡಿಯನ್ನು ಫಲಕದ ಮೇಲೆ ಬರೆದು, ಮಗುವಿಗೆ ತಾನು ಯಾರೆಂದು ಹೇಳಿಕೊಳ್ಳುವ ಧೈರ್ಯವನ್ನು ಕೊಟ್ಟಿತು. ಇನ್ನು ಉಳಿದ ಅರ್ಧ ನಮ್ಮ ಪಾಲಿನದು. ಗೋವಾದಲ್ಲಿ ನೆಲೆಸಿದ ನಾವು ಕನ್ನಡವನ್ನು ಉಳಿಸಿಕೊಂಡೇ ಕೊಂಕಣಿಯನ್ನು ಸಂತೆಯ ಮಟ್ಟಕ್ಕೆ ನಿಲ್ಲಿಸದೆ ಆದರದಿಂದ ಕಲಿಯೋಣ, ಮಕ್ಕಳಿಗೂ ಕಲಿಸೋಣ. ನೆರೆಯವನ ಭಯವನ್ನು ಅವನ ನುಡಿಯಲ್ಲಿಯೇ ಕೇಳಿಸಿಕೊಂಡರೆ, ನಮ್ಮ ನೋವನ್ನೂ ಅವನಿಗೆ ಅದೇ ನುಡಿಯಲ್ಲಿ ಹೇಳಬಹುದು. ನಾಳೆ ನಮ್ಮ ಬಾಗಿಲಿಗೆ ಬಿಹಾರದಿಂದಲೋ ಒಡಿಶಾದಿಂದಲೋ ಬಂದವನು ನಿಂತಾಗ, ನಮ್ಮ ಮಕ್ಕಳು ಅವನಿಗೆ ‘ನಾಳೆ ಬಾ’ ಎನ್ನದಿರಲಿ. ಈ ಶಾಲೆಯಲ್ಲಿ ಕಲಿತದ್ದಕ್ಕೆ ಅಷ್ಟು ಸಾಕ್ಷಿ ಸಾಕು.