ಕಾಣದ ಕಾಡಿಗೆ ಕೊಟ್ಟ ಕಾಸು



ತಾನೆಂದೂ ಕಾಣದ ಕಾಡನ್ನು ದೂರದಲ್ಲಿರುವವನು ಉಳಿಸಬಲ್ಲನೇ? ಮಧ್ಯ ಅಮೆರಿಕೆಯ ಕೋಸ್ಟರಿಕಾ ದೇಶದಲ್ಲಿ ದನಗಳ ಹುಲ್ಲುಗಾವಲಿಗಾಗಿ ಮಳೆಗಾಡುಗಳು ಕಡಿಯಲ್ಪಡುತ್ತಿದ್ದುವು. 1987ರಲ್ಲಿ ಸ್ವೀಡನ್ ದೇಶದ ಒಂದು ಸಣ್ಣ ಹಳ್ಳಿಶಾಲೆಯ ಮಕ್ಕಳು ಮಳೆಗಾಡುಗಳ ಈ ದುರ್ಗತಿಯನ್ನು ಕೇಳಿ ಮರುಗಿದರು. ಹಾಡಿ, ನಾಟಕವಾಡಿ ಹಣವನ್ನು ಕೂಡಿಸಿದರು. ಆ ಹಣದಿಂದ ಅಲ್ಲಿಯ ಮೊಂಟೆವರ್ಡೆ ಸೀಮೆಯಲ್ಲಿ ಕೆಲವೇ ಹೆಕ್ಟೇರು ಕಾಡನ್ನು ಕೊಂಡು ಕಾದಿಡಲಾಯಿತು. ಸುದ್ದಿಯು ಹಬ್ಬಲು, 40ಕ್ಕೂ ಹೆಚ್ಚು ದೇಶಗಳ ಮಕ್ಕಳು ಕೈಗೂಡಿಸಿದರು. ಇಂದು ‘ಮಕ್ಕಳ ಶಾಶ್ವತ ಮಳೆಗಾಡು’ 22,000 ಹೆಕ್ಟೇರುಗಳಿಗೂ ಮಿಕ್ಕಿ ಹರಡಿ, ಹೊಳೆಗಳ ಉಗಮಗಳನ್ನೂ ಅಸಂಖ್ಯ ಪ್ರಾಣಿಪಕ್ಷಿಗಳನ್ನೂ ಕಾಯುತ್ತಿರುವುದು.

ಕಾಸಿತ್ತವರಲ್ಲಿ ಅನೇಕರು ಆ ಮರಗಳ ನೆರಳನ್ನೇ ಕಂಡವರಲ್ಲ. ಕಡಿದ ಹಳುವವಾದರೋ ಒಬ್ಬನ ಆಯುಷ್ಯದಲ್ಲಿ ಮೊದಲಿನಂತಾಗದು. ಆದುದರಿಂದ, ನಮ್ಮ ಕಾಣಿಕೆಯು ಅಲ್ಪವೆಂದು ನಾಚಿ ಕೈಮುಚ್ಚುವುದೇ ದೊಡ್ಡ ನಷ್ಟವು.