ಹವ್ಯಾಸಿ ಛಾಯಾಗ್ರಾಹಕರ ಸಂಜೆಗಳು

ಛಾಯಾಚಿತ್ರಗಳ ವಿಷಯವಾಗಿ ಬಾನುಲಿಯಲ್ಲಿ ಮಾತನಾಡುವುದೆಂದರೆ ಕಣ್ಣಿನ ಊಟವನ್ನು ಕಿವಿಗೆ ಬಡಿಸಿದಂತೆ. ನಾನು ಹೆಸರಿಸುವ ಒಂದು ಚಿತ್ರವನ್ನೂ ನಿಮಗೆ ತೋರಿಸಲಾರೆ. ಆದರೆ ಇಂದಿನ ನನ್ನ ವಿಷಯ ಚಿತ್ರಗಳಿಗಿಂತ ಹೆಚ್ಚಾಗಿ ಅವುಗಳ ಸುತ್ತ ನಡೆಯುವ ಮಾತು. ಚಿತ್ರವನ್ನು ತೆಗೆಯುವವನು ಒಬ್ಬನೇ. ಅದನ್ನು ನೋಡುವುದಕ್ಕೆ ಮಾತ್ರ ನಾಲ್ಕು ಜನ ಬೇಕು. ಆ ನಾಲ್ಕು ಜನ ಒಂದೆಡೆ ಕುಳಿತು ಏನು ಹೇಳುತ್ತಾರೆ, ಏನನ್ನು ಹೇಳದೆ ನುಂಗಿಕೊಳ್ಳುತ್ತಾರೆ ಎಂಬುದೇ ಈ ಹವ್ಯಾಸದ ಅರ್ಧ ಜೀವ.

‘ಹವ್ಯಾಸಿ’ ಎಂಬ ಮಾತನ್ನು ನಾವು ಸ್ವಲ್ಪ ಹಗುರವಾಗಿ ಬಳಸುತ್ತೇವೆ. ಕೆಲಸ ಬಾರದವನು ಎಂಬ ಧ್ವನಿ ಅದರಲ್ಲಿ ಸೇರಿಕೊಂಡಿದೆ. ಆದರೆ ಕೈಲಾಸಂ ಅವರ ನಾಟಕಗಳನ್ನು ಆಡಿ ಬೆಳೆಸಿದವರು ಹವ್ಯಾಸಿಗಳೇ ಎಂಬುದನ್ನು ಕನ್ನಡಿಗರು ಮರೆಯಬಾರದು. ಛಾಯಾಗ್ರಹಣದಲ್ಲಿಯೂ ಹಾಗೆಯೇ. ನಮ್ಮ ಹಳೇಬೀಡು ಬೇಲೂರುಗಳು ಕ್ಯಾಮೆರಾದ ಕಣ್ಣಿಗೆ ಮೊದಲು ಬಿದ್ದ ಕಾಲವನ್ನು ನೆನೆಯಿರಿ. 1854ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳನ್ನು ಹೊತ್ತು ಅಲ್ಲಿಗೆ ಹೋದ. ಯಾರೂ ಅವನನ್ನು ಕಳುಹಿಸಿರಲಿಲ್ಲ, ಸಂಬಳವೂ ಇರಲಿಲ್ಲ. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಆ ಚಿತ್ರಗಳಿಗೆ ಮನ್ನಣೆ ದೊರೆತ ಮೇಲೆ ಸರ್ಕಾರದ ಕೆಲಸ ಅವನನ್ನು ಹುಡುಕಿಕೊಂಡು ಬಂತು. ಅದೇ ಸುಮಾರಿನಲ್ಲಿ ಆ ದೇಗುಲಗಳ ಚಿತ್ರಗಳನ್ನು ತೆಗೆದ ನೀಲ್ ಎಂಬಾತ ವೃತ್ತಿಯಿಂದ ವೈದ್ಯ.

ಟ್ರೈಪನ ಕೆಲಸದಲ್ಲಿ ಒಂದು ಸ್ವಾರಸ್ಯವುಂಟು. ಆ ಕಾಲದ ಲೇಪನಗಳು ನೀಲಿ ಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವು ಬರಿಯ ಬಿಳಿಯ ಹಾಳೆಯಾಗಿ ಮೂಡುತ್ತಿತ್ತು. ಮುಂದೆ ಬರ್ಮಾದಲ್ಲಿ ತೆಗೆದ ಹಲವು ಚಿತ್ರಗಳಲ್ಲಿ ಅವನು ನೆಗೆಟಿವ್ ಮೇಲೆಯೇ ಬಣ್ಣ ಹಚ್ಚಿ ಮೋಡಗಳನ್ನು ಮೂಡಿಸಿದ. ಅದು ಸುಳ್ಳೋ, ಅಥವಾ ಕಣ್ಣು ಕಂಡದ್ದನ್ನು ಯಂತ್ರ ಕಾಣದೆ ಹೋದಾಗ ಮಾಡಿದ ತಿದ್ದುಪಡಿಯೋ? ಛಾಯಾಗ್ರಾಹಕರು ಕಲೆತ ಕಡೆಯಲ್ಲೆಲ್ಲ ಇಂದಿಗೂ ಈ ಪ್ರಶ್ನೆ ಎದ್ದೇಳುತ್ತದೆ.

ಕಲೆಯುವ ಪದ್ಧತಿಯೂ ಅಷ್ಟೇ ಹಳೆಯದು. ಲಂಡನ್ನಿನಲ್ಲಿ ಛಾಯಾಗ್ರಹಣ ಸಂಘ ಹುಟ್ಟಿದ್ದು 1853ರಲ್ಲಿ. ಮರುವರ್ಷವೇ ಮುಂಬಯಿಯಲ್ಲಿ, 1856ರಲ್ಲಿ ಕಲ್ಕತ್ತ ಮತ್ತು ಮದರಾಸುಗಳಲ್ಲಿ ಸಂಘಗಳು ತಲೆಯೆತ್ತಿದವು. ಕಲ್ಕತ್ತದ ಸಂಘದಲ್ಲಿ ವಿದ್ವಾಂಸ ರಾಜೇಂದ್ರಲಾಲ ಮಿತ್ರರು ಖಜಾಂಚಿಗಳಾಗಿದ್ದರು. 1857ರಲ್ಲಿ ಅವರು ಸಾರ್ವಜನಿಕ ಸಭೆಯೊಂದರಲ್ಲಿ ನೀಲಿ ತೋಟದ ಯೂರೋಪಿಯನ್ನರ ನಡತೆಯನ್ನು ಕಟುವಾಗಿ ಖಂಡಿಸಿದರು. ಛಾಯಾಗ್ರಹಣಕ್ಕೂ ಆ ಭಾಷಣಕ್ಕೂ ಯಾವ ನಂಟೂ ಇರಲಿಲ್ಲ. ಆದರೂ ಸಂಘ ಅವರನ್ನು ಹೊರಗೆ ಹಾಕಿತು. ಒಟ್ಟಿಗೆ ಕುಳಿತು ಚಿತ್ರ ನೋಡುವವರು ನಿಜವಾದ ಮಾತನ್ನು ಸಹಿಸಲಾರದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಮೊದಲ ಉದಾಹರಣೆ ಇದು.

ನಮ್ಮ ನಾಡಿನ ಮಟ್ಟಿಗೆ ಬೆಂಗಳೂರು ಈ ಹವ್ಯಾಸದ ತವರುಮನೆ. 1971ರಲ್ಲಿ ಅಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಅನೇಕರಿಗೆ ಪಾಠಶಾಲೆಯಾಯಿತು. ಒ. ಸಿ. ಎಡ್ವರ್ಡ್ಸ್ ಅವರ ಬಳಿ ಕಾಡಿನ ಪಾಠ ಕಲಿತ ಟಿ. ಎನ್. ಎ. ಪೆರುಮಾಳ್ ತಾವು 2017ರಲ್ಲಿ ತೀರಿಕೊಳ್ಳುವವರೆಗೂ ಕಿರಿಯರಿಗೆ ಅದನ್ನು ಹಂಚಿದರು. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸಿನ ಮಂತ್ರಿಗಳಾಗಿದ್ದವರು. ಕ್ಯಾಮೆರಾ ಹಿಡಿದಾಗ ಅವರೂ ಹವ್ಯಾಸಿಯೇ. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳಿಗಾಗಿ ಕಾದು ಕುಳಿತದ್ದನ್ನು ಸಾಹಿತ್ಯಪ್ರಿಯರಿಗೆ ನಾನು ಹೇಳಬೇಕಾದುದಿಲ್ಲ.

ನಾನು ಬಲ್ಲ ಸಂಘ ಇಷ್ಟು ದೊಡ್ಡದಲ್ಲ. ಅದು ಒಂದು ಜಿಲ್ಲಾ ಪಟ್ಟಣದ್ದು. ಬ್ಯಾಂಕಿನ ಗುಮಾಸ್ತರು, ಇಬ್ಬರು ಮೇಷ್ಟರು, ಒಬ್ಬ ಡಾಕ್ಟರು, ಜವಳಿ ಅಂಗಡಿಯ ಯಜಮಾನರೊಬ್ಬರು, ಹೀಗೆ ಹದಿನೈದು ಮಂದಿ. ತಿಂಗಳಿಗೊಂದು ಶನಿವಾರ ಸಂಜೆ ಶಾಲೆಯೊಂದರ ಡ್ರಾಯಿಂಗ್ ಕೊಠಡಿಯಲ್ಲಿ ಸೇರುತ್ತಿದ್ದೆವು. ಚಿತ್ರದ ಹಿಂಬದಿಯಲ್ಲಿ ಹೆಸರು. ಮುಂದೆ ಏನೂ ಇರಕೂಡದು. ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಒಂದೊಂದೇ ಚಿತ್ರವನ್ನು ಇಡುವುದು. ಒಂದು ನಿಮಿಷ ಯಾರೂ ಬಾಯಿ ತೆರೆಯಕೂಡದು. ಅನಂತರ ಸುತ್ತಿನ ಮೇಲೆ ಮಾತು. ತೆಗೆದವನು ಕೊನೆಯವರೆಗೂ ಮೌನವಾಗಿರಬೇಕು. ಈ ಕೊನೆಯ ನಿಯಮ ಬಹಳ ಕಠಿಣ. ‘ಆ ದಿನ ಮಳೆ ಬರುತ್ತಿತ್ತು, ಬೆಟ್ಟ ಹತ್ತಲು ಮೂರು ಗಂಟೆ ಹಿಡಿಯಿತು’ ಎಂದು ಹೇಳಿಕೊಳ್ಳಲು ನಾಲಗೆ ತುರಿಸುತ್ತದೆ. ಆದರೆ ಬೆಟ್ಟ ಹತ್ತಿದ ಶ್ರಮ ಚಿತ್ರದೊಳಗೆ ಬಂದಿರಬೇಕು, ಇಲ್ಲವೇ ಮನೆಯಲ್ಲಿಯೇ ಉಳಿಯಬೇಕು. ಕವಿಗೂ ಇದೇ ನ್ಯಾಯವಲ್ಲವೇ?

ಹಿರಿಯರೊಬ್ಬರ ಬಳಿ ಕಪ್ಪು ರಟ್ಟಿನಿಂದ ಕತ್ತರಿಸಿದ, ಕಟ್ಟುಕೋನದಂತಹ ಎರಡು ತುಂಡುಗಳಿದ್ದವು. ಅವನ್ನು ಚಿತ್ರದ ಮೇಲೆ ಎದುರುಬದುರಾಗಿ ಇಟ್ಟು ಮೆಲ್ಲನೆ ಒಳಕ್ಕೆ ಸರಿಸುವರು. ಎಡಗಡೆಯ ಕಂಬ ಮರೆಯಾಗುವುದು. ಮೇಲಿನ ಖಾಲಿ ಆಕಾಶ ತಗ್ಗುವುದು. ಇದ್ದಕ್ಕಿದ್ದಂತೆ ಬಾವಿಕಟ್ಟೆಯ ಹುಡುಗಿಯೊಬ್ಬಳೇ ನಮ್ಮನ್ನು ನೋಡುತ್ತಿರುವಳು. ಒಂದು ಮಾತೂ ಆಡದೆ ಮಾಡುವ ಇಂತಹ ವಿಮರ್ಶೆಯನ್ನು ನಾನು ಸಾಹಿತ್ಯದಲ್ಲಿ ಕಂಡಿಲ್ಲ.

ಹೊಸಬರು ಬಂದೊಡನೆ ಕೇಳುವ ಪ್ರಶ್ನೆ ಒಂದೇ: ಯಾವ ಕ್ಯಾಮೆರಾ ಕೊಳ್ಳಲಿ? ನಮ್ಮ ಪೀಳಿಗೆಯ ಅನೇಕರಿಗೆ ಉತ್ತರ ಸುಲಭವಾಗಿತ್ತು. ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ ಥ್ರೀ. ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರಗಳು. ಬಿಸಿಲಿಗೊಂದು, ಮೋಡಕ್ಕೊಂದು ಗುರುತು, ಉಳಿದುದೆಲ್ಲ ದೈವಚಿತ್ತ. ಊಟಿಯ ಕಾರ್ಖಾನೆಯಿಂದ ಇಂದು ಫಿಲ್ಮು ಬರುತ್ತಿದ್ದ ಕಾಲವದು. ಹನ್ನೆರಡೇ ಅವಕಾಶವಿದ್ದುದರಿಂದ ಹನ್ನೆರಡು ಸಲ ಯೋಚಿಸುತ್ತಿದ್ದೆವು. ಇಂದು ಆಯ್ಕೆ ಅಪಾರ. ಆದರೂ ಸಂಘದ ಹಿರಿಯರು ಹೇಳುತ್ತಿದ್ದುದು ಈಗಲೂ ಸಲ್ಲುತ್ತದೆ. ಕ್ಯಾಮೆರಾಕ್ಕಿಂತ ಮಸೂರಕ್ಕೆ ಹಣ ಹಾಕು. ಮಸೂರಕ್ಕಿಂತ ಮೊದಲು ಗಟ್ಟಿಯಾದ ಮೂರು ಕಾಲಿನ ಸ್ಟ್ಯಾಂಡಿಗೆ ಹಾಕು. ಕೈಯಲ್ಲಿ ಹಿಡಿದು ತೆಗೆಯುವಾಗ ಇನ್ನೂರು ಮಿಲಿಮೀಟರಿನ ಮಸೂರವಾದರೆ ಷಟರು ಸೆಕೆಂಡಿನ ಇನ್ನೂರನೆಯ ಒಂದು ಭಾಗಕ್ಕಿಂತ ನಿಧಾನವಾಗದಿರಲಿ. ಆದರೆ ಕೈ ನಡುಗುತ್ತದೆ. ಒಂದು ವರ್ಷ ಒಂದೇ ಮಸೂರದಲ್ಲಿ ದುಡಿ. ಆಮೇಲೆ ನಿನಗೆ ಏನು ಬೇಕೆಂಬುದು ನಿನಗೇ ತಿಳಿಯುತ್ತದೆ. ಕೊಳ್ಳುವ ಮುನ್ನ ಗೆಳೆಯನದನ್ನು ಎರವಲು ತಂದು ನೋಡು. ಈ ಎರವಲಿನಲ್ಲಿ ಎಷ್ಟು ಸ್ನೇಹಗಳು ಬೆಳೆದುವೋ, ಗೀರು ಬಿದ್ದ ಗಾಜಿನಿಂದ ಎಷ್ಟು ಮುರಿದುವೋ, ಲೆಕ್ಕವಿಟ್ಟವರಿಲ್ಲ.

ಒಂದು ಸಂಜೆಯ ಸಂಗತಿಯನ್ನು ಹೇಳುತ್ತೇನೆ. ಹಲಗೆಯ ಮೇಲೆ ಒಂದು ಹಕ್ಕಿಗೂಡಿನ ಚಿತ್ರ ಬಂತು. ಬುಲ್‌ಬುಲ್ ಮರಿಗಳು ಮೂರು ಬಾಯಿ ತೆರೆದು ನಿಂತಿವೆ. ತಾಯಿಯ ಕೊಕ್ಕಿನಲ್ಲಿ ಹುಳು. ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟ. ಕೊಠಡಿಯೆಲ್ಲ ‘ಆಹಾ’ ಎಂದಿತು. ಆಗ ಆ ಹಿರಿಯರು, ‘ಡಾಕ್ಟರೇ, ಗೂಡಿನ ಮುಂದಿದ್ದ ಕೊಂಬೆ ಎಲ್ಲಿ ಹೋಯಿತು?’ ಎಂದರು. ಚಿತ್ರ ಯಾರದೆಂದು ಅವರಿಗೆ ಹೇಗೆ ತಿಳಿಯಿತೋ ಕಾಣೆ. ಯಾರೂ ಮಾತನಾಡಲಿಲ್ಲ. ಬುಲ್‌ಬುಲ್ ಎಲೆಗಳ ಮರೆಯಲ್ಲಿ ಗೂಡು ಕಟ್ಟುವ ಹಕ್ಕಿ. ಮರೆಯನ್ನು ಕತ್ತರಿಸಿದರೆ ಬೆಳಕು ಬರುತ್ತದೆ. ಬೆಳಕಿನೊಡನೆ ಬಿಸಿಲೂ ಬರುತ್ತದೆ, ಕಾಗೆಯ ಕಣ್ಣೂ ಬೀಳುತ್ತದೆ. ‘ಎರಡು ರೆಂಬೆ ಮಾತ್ರ ತೆಗೆಸಿದೆ ಸ್ವಾಮಿ, ಹಕ್ಕಿಯೇನು ಹಾರಿಹೋಗಲಿಲ್ಲವಲ್ಲ’ ಎಂದರು ಡಾಕ್ಟರು. ‘ಮರುದಿನ ಹೋಗಿ ನೋಡಿದಿರಾ?’ ಎಂದು ಹಿರಿಯರು ಮೆಲ್ಲನೆ ಕೇಳಿದರು. ನೋಡಿರಲಿಲ್ಲ.

ಡಾಕ್ಟರು ಚಿತ್ರವನ್ನು ಹಲಗೆಯಿಂದ ಎತ್ತಿಕೊಂಡು ಹೊರಟುಹೋದರು. ಮತ್ತೆ ಸಂಘಕ್ಕೆ ಬರಲಿಲ್ಲ. ಅದೇ ಚಿತ್ರಕ್ಕೆ ಬೇರೊಂದು ಊರಿನ ಸ್ಪರ್ಧೆಯಲ್ಲಿ ಪ್ರಶಸ್ತಿಪತ್ರ ದೊರೆತ ಸುದ್ದಿ ಬಂತು. ನಮ್ಮಲ್ಲಿ ಕೆಲವರು ಹಿರಿಯರ ಮೇಲೆ ಮುನಿದರು. ಅವರು ಒಳ್ಳೆಯ ಮನುಷ್ಯರು, ಸಂಘಕ್ಕೆ ಉದಾರವಾಗಿ ಕೊಟ್ಟವರು, ಈ ಮಾತನ್ನು ಏಕಾಂತದಲ್ಲಿ ಹೇಳಬಹುದಿತ್ತು ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅಂದು ಆ ಕೊಠಡಿಯಲ್ಲಿ ಇಬ್ಬರು ಹುಡುಗರು ಕುಳಿತಿದ್ದರು. ಎಲ್ಲರೂ ‘ಆಹಾ’ ಎಂದು ಸುಮ್ಮನಾಗಿದ್ದರೆ ಮರುದಿನ ಅವರೂ ಕತ್ತರಿ ಹಿಡಿದು ಹೊರಡುತ್ತಿದ್ದರು. ಸಂಘ ಒಬ್ಬ ಸದಸ್ಯರನ್ನು ಕಳೆದುಕೊಂಡಿತು. ಗೂಡಿನ ಚಿತ್ರಗಳನ್ನು ಹಲಗೆಯ ಮೇಲೆ ಇಡಕೂಡದೆಂಬ ನಿಯಮ ಬರೆಯಿತು. ಈಗ ದೇಶದ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. 2015ರಿಂದ ಜಾರಿಗೆ ಬಂದ, ಅಂತರರಾಷ್ಟ್ರೀಯ ಸಂಸ್ಥೆಗಳು ಒಪ್ಪಿಕೊಂಡ ಪ್ರಕೃತಿ ಛಾಯಾಗ್ರಹಣದ ವ್ಯಾಖ್ಯೆಯೂ ಜೀವಿಯ ಕ್ಷೇಮ ಚಿತ್ರಕ್ಕಿಂತ ದೊಡ್ಡದೆಂಬ ನಿಲುವನ್ನೇ ಹಿಡಿದಿದೆ.

ಹಾಗೆಂದು ವಿಮರ್ಶಕರೆಲ್ಲ ಬಲ್ಲವರೆಂದು ತಿಳಿಯಬೇಕಾಗಿಲ್ಲ. ಕಲ್ಕತ್ತದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬಾಳಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ನಲವತ್ತೆಂಟರ ವಯಸ್ಸಿನಲ್ಲಿ, 1863ರಲ್ಲಿ, ಕ್ಯಾಮೆರಾ ಹಿಡಿದ ಗೃಹಿಣಿ. ಟೆನಿಸನ್, ಡಾರ್ವಿನ್ ಮೊದಲಾದವರ ಮುಖಗಳನ್ನು ಆಕೆ ಮಂಜಿನೊಳಗಿಂದ ಎದ್ದು ಬಂದಂತೆ ತೆಗೆದರು. ಆ ಕಾಲದ ಛಾಯಾಗ್ರಹಣ ಪತ್ರಿಕೆಗಳಿಗೆ ಕಂಡದ್ದು ಒಂದೇ: ಚಿತ್ರ ಮಸುಕಾಗಿದೆ, ಕೈಗೆಲಸ ಕೊಳಕಾಗಿದೆ. ಇಂದು ಆ ವಿಮರ್ಶಕರ ಹೆಸರುಗಳನ್ನು ಕೇಳಿದವರಿಲ್ಲ. ಆ ಮುಖಗಳು ನಮ್ಮನ್ನು ಈಗಲೂ ನೋಡುತ್ತಿವೆ. ಸ್ಪಷ್ಟತೆ ಒಂದು ಗುಣ, ಅದೊಂದೇ ಗುಣವಲ್ಲ.

ಸಂಘಗಳಿಗೆ ತಮ್ಮದೇ ಆದ ರೋಗವೂ ಉಂಟು. ಎಲ್ಲರೂ ಎಲ್ಲರನ್ನೂ ಮೆಚ್ಚಿಸುತ್ತ ಹೋದಂತೆ ಚಿತ್ರಗಳೆಲ್ಲ ಒಂದೇ ಅಚ್ಚಿನವಾಗುತ್ತವೆ. ಸಂಜೆಯ ದೂಳಿನಲ್ಲಿ ಮನೆಗೆ ಮರಳುವ ದನಗಳು. ಹೊಗೆಯ ನಡುವೆ ಬಿಸಿಲುಕೋಲು. ರುಮಾಲು ಸುತ್ತಿ ಬೀಡಿ ಸೇದುವ, ಮುಖವೆಲ್ಲ ಸುಕ್ಕಾದ ಮುದುಕ. ಆ ಮುದುಕನ ಚಿತ್ರಕ್ಕೆ ದೊಡ್ಡದೊಂದು ಇಂಗ್ಲಿಷ್ ಶೀರ್ಷಿಕೆ. ಒಮ್ಮೆ ಇಂತಹ ಚಿತ್ರ ಬಂದಾಗ ಮೇಷ್ಟರೊಬ್ಬರು, ‘ಈ ಯಜಮಾನರ ಹೆಸರೇನು?’ ಎಂದು ಕೇಳಿದರು. ತೆಗೆದವರಿಗೆ ತಿಳಿದಿರಲಿಲ್ಲ. ‘ಒಂದು ಪ್ರತಿ ಅವರಿಗೆ ಕೊಟ್ಟಿರಾ?’ ಅದೂ ಇಲ್ಲ. ಬೆಳಕು ನೆರಳುಗಳ ಬಗ್ಗೆ ಹತ್ತು ವರ್ಷ ಕೇಳಿದ ಮಾತುಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಈ ಎರಡು ಪ್ರಶ್ನೆಗಳು. ಯಾರ ಮುಖದಿಂದ ನಮಗೆ ಪದಕ ಬಂತೋ ಅವರಿಗೆ ಒಂದು ಕಾಗದದ ತುಂಡಾದರೂ ಸಲ್ಲಬೇಡವೇ?

ಈಗ ಕ್ಯಾಮೆರಾ ಎಲ್ಲರ ಅಂಗಿಯ ಜೇಬಿನಲ್ಲಿದೆ. ಇದನ್ನು ಕಂಡು ಹಳಬರು ಹಳಹಳಿಸುವುದು ನನಗೆ ಒಪ್ಪಿಗೆಯಿಲ್ಲ. ರೀಲಿಗೆ ಹಣವಿಲ್ಲದೆ ಹಿಂದೆ ಸರಿದ ಎಷ್ಟೋ ಒಳ್ಳೆಯ ಕಣ್ಣುಗಳಿಗೆ ಇಂದು ಬಾಗಿಲು ತೆರೆದಿದೆ. ಅಡುಗೆಮನೆಯೊಳಗಿನ ಬೆಳಕನ್ನು ಅಲ್ಲಿಯೇ ಬಾಳಿದ ಹೆಂಗಸರು ತೆಗೆದು ತೋರಿಸುತ್ತಿದ್ದಾರೆ. ಅದು ನಮ್ಮ ಸಂಘದ ಹದಿನೈದು ಗಂಡಸರ ಹಲಗೆಗೆ ಎಂದೂ ಬಂದಿರಲಿಲ್ಲ. ಕಡಮೆಯಾಗಿರುವುದು ಚಿತ್ರಗಳಲ್ಲ, ನೋಡುವ ನಿಮಿಷಗಳು. ಹೆಬ್ಬೆರಳು ಸರಿಸಿದಷ್ಟರಲ್ಲಿ ಚಿತ್ರ ಕಳೆದುಹೋಗುತ್ತದೆ. ‘ಚೆನ್ನಾಗಿದೆ’ ಎಂಬ ಮಾತು ನೋಡುವುದಕ್ಕೂ ಮೊದಲೇ ಹೊರಟಿರುತ್ತದೆ. ಕೊಂಬೆ ಎಲ್ಲಿ ಹೋಯಿತೆಂದು ಕೇಳುವವರಿಗೆ ಅಲ್ಲಿ ಕುರ್ಚಿಯಿಲ್ಲ.

ಆದುದರಿಂದ ಈ ಹವ್ಯಾಸಕ್ಕೆ ಇಳಿದಿರುವ ಕಿರಿಯರಲ್ಲಿ ನನ್ನ ವಿನಂತಿ ಇಷ್ಟೆ. ಈ ತಿಂಗಳು ತೆಗೆದುದರಲ್ಲಿ ಒಂದೇ ಒಂದು ಚಿತ್ರವನ್ನು ಆರಿಸಿ. ಅದನ್ನು ಕಾಗದದ ಮೇಲೆ ಮೂಡಿಸಿ. ಗೋಡೆಗೆ ಒರಗಿಸಿ ನಿಮ್ಮನ್ನು ಪ್ರೀತಿಸುವ ಒಬ್ಬರನ್ನೂ, ನಿಮ್ಮಲ್ಲಿ ದಾಕ್ಷಿಣ್ಯವಿಲ್ಲದ ಒಬ್ಬರನ್ನೂ ಕಾಫಿಗೆ ಕರೆಯಿರಿ. ಅವರು ಮಾತು ಮುಗಿಸುವವರೆಗೆ ನೀವು ಬಾಯಿ ತೆರೆಯಬೇಡಿ. ಕೇಳಿದ್ದೆಲ್ಲ ಸರಿಯಿರಲಾರದು, ಕೆಲವು ಮಾತು ನೋಯಿಸಲೂಬಹುದು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮುಂದಿನ ಚಿತ್ರ ತೆಗೆಯುವಾಗ ನೀವೇ ತೀರ್ಮಾನಿಸುವಿರಿ.