ಸಿನಿಮಾ ಮಾಡಿದವನೇ ಊರಿಗೆ ಬಂದಾಗ

(ಈ ವರ್ಷದ ಜಾತ್ರೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಜಾತ್ರೆಯ ಸಭೆಯಲ್ಲಿ ಸಿನಿಮಾದ ಮಾತು ಯಾಕೆ ಎಂದು ಕೆಲವರು ಈಗಾಗಲೇ ಪಕ್ಕದವರ ಕಿವಿಯಲ್ಲಿ ಕೇಳಿರಬಹುದು. ಕಾರಣವಿದೆ. ನಮ್ಮ ಸೀಮೆಯ ತರುಣನೊಬ್ಬ ಎರಡು ವರ್ಷ ದುಡಿದು, ಕೈಯಿಂದಲೇ ಹಣ ಹಾಕಿ ಒಂದು ಸಾಕ್ಷ್ಯಚಿತ್ರ ಮಾಡಿದ್ದಾನೆ. ಎಂಡೋಸಲ್ಫಾನ್ ಬಾಧಿತ ಮಕ್ಕಳನ್ನು ಹತ್ತಿಪ್ಪತ್ತು ವರ್ಷ ಎತ್ತಿ ಆಡಿಸಿದ, ಈಗ ತಮಗೇ ಕೈಲಾಗದ ತಾಯಂದಿರ ಚಿತ್ರ ಅದು. ಬರುವ ವರ್ಷ ಜಾತ್ರೆಯ ಒಂದು ರಾತ್ರಿ ದೇವಸ್ಥಾನದ ಗದ್ದೆಯಲ್ಲಿ ಪರದೆ ಕಟ್ಟಿ ಅದನ್ನು ತೋರಿಸಬೇಕು, ತಾನೂ ಅಲ್ಲಿ ಇರಬೇಕು ಎಂದು ಅರ್ಜಿ ಕೊಟ್ಟಿದ್ದಾನೆ. ಸಮಿತಿಯಲ್ಲಿ ಎರಡು ಅಭಿಪ್ರಾಯ ಬಂದಿದೆ. ನನ್ನ ಅಭಿಪ್ರಾಯವನ್ನು ನಾಲ್ಕು ಜನರ ಎದುರು ಹೇಳು ಎಂದು ಹಿರಿಯರು ಅಪ್ಪಣೆ ಮಾಡಿದ್ದರಿಂದ ಇಲ್ಲಿ ನಿಂತಿದ್ದೇನೆ.

ನಮ್ಮ ದೇಶದಲ್ಲಿ ಸಿನಿಮಾ ಹುಟ್ಟಿದ್ದೇ ಒಬ್ಬ ಭಕ್ತನ ಮನಸ್ಸಿನಲ್ಲಿ. ತ್ರ್ಯಂಬಕೇಶ್ವರದ ವೈದಿಕ ಮನೆತನದಲ್ಲಿ 1870ರಲ್ಲಿ ಹುಟ್ಟಿದ ದಾದಾಸಾಹೇಬ್ ಫಾಲ್ಕೆಯವರು ಮುಂಬಯಿಯ ಒಂದು ಡೇರೆಯಲ್ಲಿ ಕ್ರಿಸ್ತನ ಜೀವನದ ಮೂಕಿಚಿತ್ರ ನೋಡಿದರು. ನೋಡುತ್ತ ಕೂತವರ ಕಣ್ಣಮುಂದೆ ಬಂದದ್ದು ಮಾತ್ರ ನಮ್ಮ ರಾಮ, ನಮ್ಮ ಕೃಷ್ಣ. ಇವರನ್ನು ಪರದೆಯ ಮೇಲೆ ಎಂದು ಕಾಣುತ್ತೇವೆ ಎಂಬ ಹುಚ್ಚು ಹಿಡಿಯಿತು. ಜೀವವಿಮೆಯ ಪತ್ರ ಅಡವಿಟ್ಟು 1912ರಲ್ಲಿ ಲಂಡನಿಗೆ ಹೋಗಿ ಯಂತ್ರ ತಂದರು. ಆದರೆ ಹಣ ಕೊಡುವ ಸಾಹುಕಾರರಿಗೆ ನಂಬಿಕೆ ಬರಬೇಕಲ್ಲ? ಕುಂಡದಲ್ಲಿ ಕಾಳು ಬಿತ್ತಿ, ಮೊಳಕೆಯೊಡೆದು ಬಳ್ಳಿಯಾಗುವವರೆಗೆ ದಿನದಿನವೂ ಸ್ವಲ್ಪಸ್ವಲ್ಪ ಚಿತ್ರೀಕರಿಸಿದರು. ನಿಮಿಷದೊಳಗೆ ಗಿಡ ಬೆಳೆಯುವುದನ್ನು ತಾವೇ ತೋರಿಸಿದರು. ಆಮೇಲೆ ಸಾಲ ಹುಟ್ಟಿತು. ಅವರ ಪತ್ನಿ ಸರಸ್ವತೀಬಾಯಿಯವರು ಒಡವೆ ಕೊಟ್ಟದ್ದಲ್ಲದೆ ಕತ್ತಲೆಕೋಣೆಯಲ್ಲಿ ಕೂತು ಫಿಲ್ಮಿನ ಅಂಚಿಗೆ ತೂತು ಹೊಡೆಯುವ ಕೆಲಸ ಮಾಡಿದರು, ಇಡೀ ತಂಡಕ್ಕೆ ಅಡಿಗೆಯನ್ನೂ ಮಾಡಿ ಬಡಿಸಿದರು. ಆ ತಾಯಿಯ ಹೆಸರನ್ನು ಹೇಳುವವರು ಕಡಮೆ.

'ರಾಜಾ ಹರಿಶ್ಚಂದ್ರ' ಸಾರ್ವಜನಿಕರಿಗೆ ತೆರೆದದ್ದು 1913ರ ಮೇ 3ರಂದು, ಮುಂಬಯಿಯಲ್ಲಿ. ತಾರಾಮತಿಯ ಪಾತ್ರಕ್ಕೆ ಹೆಂಗಸರು ಸಿಗದೆ ಉಪಾಹಾರಗೃಹದಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ತರುಣ ಸೀರೆ ಉಟ್ಟ. ನಮ್ಮ ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. 1917ರ 'ಲಂಕಾದಹನ'ದಲ್ಲಂತೂ ಅದೇ ಸಾಳುಂಕೆ ರಾಮನೂ ಹೌದು, ಸೀತೆಯೂ ಹೌದು. ಪರದೆಯ ಮೇಲೆ ರಾಮ ಕಾಣಿಸಿಕೊಂಡಾಗ ಜನ ಕಾಲಿನ ಚಪ್ಪಲಿ ಕಳಚಿ ಕೈಮುಗಿಯುತ್ತಿದ್ದರು.

ಆದರೆ ಎಲ್ಲ ಊರಲ್ಲೂ ಹಾಗೆ ಆಗಲಿಲ್ಲ. 'ಹರಿಶ್ಚಂದ್ರ'ವನ್ನು ಸೂರತ್ತಿಗೆ ಒಯ್ದಾಗ ಮೊದಲ ದಿನದ ವಸೂಲಿ ಮೂರು ರೂಪಾಯಿ. ರಾತ್ರಿಯಿಡೀ ನಾಟಕ ನೋಡಿ ರೂಢಿಯಿದ್ದ ಜನ, ಗಂಟೆ ಒಂದೂವರೆಯ ಆಟಕ್ಕೆ ದುಡ್ಡು ಯಾಕೆ ಎಂದರು. ಫಾಲ್ಕೆ ಬೇಸರ ಮಾಡಿಕೊಳ್ಳಲಿಲ್ಲ. ಐವತ್ತೇಳು ಸಾವಿರ ಛಾಯಾಚಿತ್ರ, ಎರಡು ಮೈಲು ಉದ್ದದ ಪಟ, ಬರೀ ಮೂರಾಣೆಗೆ ಎಂಬ ಅರ್ಥದ ಜಾಹೀರಾತು ಹಾಕಿಸಿದರು. ಲೆಕ್ಕ ಬಲ್ಲ ಜನ ಲೆಕ್ಕ ಹಾಕಿ ಬಂದರು, ವಸೂಲಿ ಮುನ್ನೂರು ರೂಪಾಯಿಗೆ ಏರಿತು. ಮಾಡಿದವನೇ ಮುಂದೆ ನಿಂತು ತೋರಿಸಿದರೆ ಮಾತ್ರ ಇಂಥ ಉಪಾಯ ಹೊಳೆಯುತ್ತದೆ. ಮುಂಬಯಿಯ ಪೇಟೆಯಲ್ಲಿ ಕೂತ ದಲ್ಲಾಳಿಗೆ ಸೂರತ್ತಿನವನ ಮನಸ್ಸು ಗೊತ್ತಾಗುವುದುಂಟೆ?

ಇನ್ನು ನಮ್ಮ ಕೇರಳದ ಕಥೆಗೆ ಬರುತ್ತೇನೆ. ಇದನ್ನು ಸ್ವಲ್ಪ ಸಾವಕಾಶವಾಗಿ ಹೇಳಬೇಕು.

ಜಾನ್ ಅಬ್ರಹಾಂ ಎಂಬ ನಿರ್ದೇಶಕ. ಹುಟ್ಟಿದ್ದು 1937ರಲ್ಲಿ, ಕುಟ್ಟನಾಡಿನವರು. ಬಳ್ಳಾರಿಯಲ್ಲಿ ಜೀವವಿಮಾ ಕಚೇರಿಯ ನೌಕರಿಯಲ್ಲಿದ್ದವರು. ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದರು, ಋತ್ವಿಕ್ ಘಟಕರ ಶಿಷ್ಯರಾದರು. ಅವರ ಕೆಲವು ವಿಚಾರಗಳು ನಮಗೆ ಒಪ್ಪಿಗೆಯಾಗಲಿಕ್ಕಿಲ್ಲ. 1977ರ ಅವರ ತಮಿಳು ಚಿತ್ರದಿಂದ ಅಗ್ರಹಾರದ ಜನರಿಗೆ ನೋವಾದದ್ದೂ ನಿಜ. ಅದು ಹಾಗಿರಲಿ, ನಾನು ಹೇಳಹೊರಟದ್ದು ಅವರು ಸಿನಿಮಾವನ್ನು ಜನರ ಮುಂದೆ ಇಟ್ಟ ಕ್ರಮದ ಬಗ್ಗೆ.

1984ರಲ್ಲಿ ಕೋಝಿಕ್ಕೋಡಿನಲ್ಲಿ ಅವರೂ ಗೆಳೆಯರೂ ಸೇರಿ 'ಒಡೆಸ್ಸಾ' ಎಂಬ ಕೂಟ ಕಟ್ಟಿದರು. ನಿರ್ಮಾಪಕನ ಹಣ ಬೇಡ, ವಿತರಕನ ಹಂಗು ಬೇಡ, ಜನರೇ ನಿರ್ಮಾಪಕರಾಗಲಿ ಎಂದು ಹೊರಟರು. ಊರೂರಿಗೆ ಹೋಗುವುದು, ಬೀದಿಯಲ್ಲಿ ಚೆಂಡೆ ಬಡಿದು ಜನ ಸೇರಿಸುವುದು, ಚಾಪ್ಲಿನ್ನನ 'ಕಿಡ್'ನಂಥ ಚಿತ್ರ ತೋರಿಸುವುದು, ಕೊನೆಗೆ ಕೈಯೊಡ್ಡುವುದು. ಕೂಲಿಯವರೂ ವಿದ್ಯಾರ್ಥಿಗಳೂ ಕೈಲಾದಷ್ಟು ಹಾಕಿದರು. ಹೀಗೆ ಕೂಡಿದ ಚಿಲ್ಲರೆ ಹಣದಿಂದ 1986ರಲ್ಲಿ 'ಅಮ್ಮ ಅರಿಯಾನ್' ತಯಾರಾಯಿತು. 'ಅಮ್ಮನಿಗೆ ತಿಳಿಸುವುದೇನೆಂದರೆ' ಎಂದು ಅರ್ಥ ಮಾಡಬಹುದು. ದೆಹಲಿಗೆ ಹೊರಟ ಒಬ್ಬ ತರುಣ ದಾರಿಯಲ್ಲಿ ಒಂದು ಶವ ಕಾಣುತ್ತಾನೆ, ಎಲ್ಲೋ ನೋಡಿದ ಮುಖ. ಪ್ರಯಾಣ ಬಿಟ್ಟು, ಸತ್ತವನು ಯಾರೆಂದು ಹುಡುಕಿ, ಅವನ ತಾಯಿಗೆ ಸುದ್ದಿ ಮುಟ್ಟಿಸಲು ವಯನಾಡಿನಿಂದ ಕೊಚ್ಚಿಗೆ ಇಳಿಯುತ್ತಾನೆ. ಒಂದೊಂದು ಊರಲ್ಲಿ ಒಬ್ಬೊಬ್ಬ ಗೆಳೆಯ ಜತೆಗೂಡುತ್ತಾನೆ, ಪ್ರತಿಯೊಬ್ಬನೂ ಹೊರಡುವ ಮುಂಚೆ ತನ್ನ ತಾಯಿಗೆ ಹೇಳಿ ಹೊರಡುತ್ತಾನೆ. ಕೊನೆಗೆ ಒಂದು ಗುಂಪೇ ಆ ತಾಯಿಯ ಮುಂದೆ ನಿಲ್ಲುತ್ತದೆ.

ಚಿತ್ರ ಮುಗಿದ ಮೇಲೆ ಅದನ್ನು ಪೇಟೆಗೆ ಮಾರಲಿಲ್ಲ. ಲಾಭದ ಆಸೆಯಿಲ್ಲದೆ ಊರೂರು ಒಯ್ದು ತೋರಿಸಿದರು. ರೂಪಾಯಿ ಹಾಕಿದವನು ಪರದೆಯ ಮುಂದೆ ಕೂತಾಗ ಅವನು ಬರೀ ಪ್ರೇಕ್ಷಕನಲ್ಲ, ಮನೆಯ ಯಜಮಾನ. ಚೆನ್ನಾಗಿಲ್ಲ ಎಂದು ನಿರ್ದೇಶಕನ ಮುಖಕ್ಕೇ ಹೇಳುವ ಹಕ್ಕು ಅವನಿಗುಂಟು.

ಬಂಧುಗಳೇ, ಇದು ನಮಗೆ ಹೊಸದೆ? ಡೇರೆ ಮೇಳದ ಆಟಕ್ಕೂ ಹರಕೆಯ ಬಯಲಾಟಕ್ಕೂ ವ್ಯತ್ಯಾಸ ಏನು ಎಂದು ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ. ಡೇರೆಗೆ ಟಿಕೇಟು, ಕುರ್ಚಿಗೆ ಒಂದು ದರ, ನೆಲಕ್ಕೆ ಒಂದು ದರ. ಬಯಲಾಟದಲ್ಲಿ ಒಬ್ಬ ಹರಕೆ ಹೊರುತ್ತಾನೆ, ಊರೆಲ್ಲ ಬಂದು ನೋಡುತ್ತದೆ, ಬಾಗಿಲಲ್ಲಿ ಯಾರನ್ನೂ ತಡೆಯುವುದಿಲ್ಲ. ಸಂಜೆ ಕೇಳಿ ಬಡಿದರೆ ಮೂರು ಗುಡ್ಡದಾಚೆಗೂ ಸುದ್ದಿ ಮುಟ್ಟುತ್ತದೆ. ಅರ್ಥ ತಪ್ಪಿದ ವೇಷಧಾರಿಗೆ ಬೆಳಿಗ್ಗೆ ಚೌಕಿಯಲ್ಲೇ ಹೇಳುವ ಹಿರಿಯರು ಇರುತ್ತಾರೆ. ಒಡೆಸ್ಸಾದವರು ಸಿನಿಮಾದಲ್ಲಿ ಮಾಡಿದ್ದು ಇದೇ ಕೆಲಸ. ಡೇರೆ ಮೇಳಗಳು ಒಂದೊಂದಾಗಿ ನಿಂತುಹೋದವು, ಹರಕೆಯ ಆಟಗಳಿಗೆ ಇಂದಿಗೂ ವರ್ಷಗಟ್ಟಲೆ ಕಾಯಬೇಕು.

ಜಾನ್ ಬಹಳ ದಿನ ಬದುಕಲಿಲ್ಲ. 1987ರ ಮೇ 31ರಂದು ಕೋಝಿಕ್ಕೋಡಿನಲ್ಲಿ ಮಹಡಿಯಿಂದ ಬಿದ್ದು ತೀರಿಕೊಂಡರು, ಐವತ್ತು ತುಂಬಿರಲಿಲ್ಲ. ಆದರೆ ಪ್ರೊಜೆಕ್ಟರು ಹೊತ್ತು ತಿರುಗುವ ಕೆಲಸ ನಿಲ್ಲಲಿಲ್ಲ. ಪ್ಲಾಚಿಮಡದ ನೀರಿನ ಹೋರಾಟವನ್ನು ಚಿತ್ರೀಕರಿಸಿದ ಶರತ್‌ಚಂದ್ರನ್ ಎಂಬವರು ತಮ್ಮ ಚಿತ್ರವನ್ನೂ ಬೇರೆಯವರ ಚಿತ್ರಗಳನ್ನೂ ಚೀಲದಲ್ಲಿ ಹಾಕಿಕೊಂಡು, ಕರೆದ ಊರಿಗೆಲ್ಲ ಹೋಗಿ ತೋರಿಸುತ್ತಿದ್ದರು. 2010ರಲ್ಲಿ ರೈಲಿನಿಂದ ಬಿದ್ದು ಅವರೂ ಹೋದರು. ನಮ್ಮ ಕಾಸರಗೋಡಿನವರೇ ಆದ ಎಂ. ಎ. ರಹಮಾನರು ಎಂಡೋಸಲ್ಫಾನಿನ ಸಂಕಟದ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಅದರ ಹೆಸರಿನ ಅರ್ಥ 'ಅರೆಬದುಕುಗಳಿಗೊಂದು ಸ್ವರ್ಗ'. ಎಣ್ಮಕಜೆಯ ಸ್ವರ್ಗ ಎಂಬ ಊರು ಗೊತ್ತಿದ್ದವರಿಗೆ ಆ ಮಾತು ಎಲ್ಲಿ ಚುಚ್ಚುತ್ತದೆ ಎಂದು ವಿವರಿಸಬೇಕಾಗಿಲ್ಲ.

ಎರಡು ದಶಕಗಳಿಗೂ ಮಿಕ್ಕಿ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದರು. ಪಡ್ರೆಯ ವೈದ್ಯರಾದ ಡಾ. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ಕೂಗಿ ಹೇಳಿದರೂ ಕೇಳುವವರು ಕಡಮೆಯಿದ್ದರು. ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ, ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ತಡೆ ಹಾಕಿದ್ದು 2011ರಲ್ಲಿ. ನಡುವೆ ಎಷ್ಟೋ ಕ್ಯಾಮರಾಗಳು ಬಂದವು. ಆ ಮಕ್ಕಳ ಫೋಟೋಗಳು ದೆಹಲಿಗೆ ಹೋದವು, ವಿದೇಶಕ್ಕೆ ಹೋದವು. ನಮ್ಮ ಗದ್ದೆಗೆ ಬಂದದ್ದು ಎಷ್ಟು? ಚಿತ್ರ ತೆಗೆಸಿಕೊಂಡ ತಾಯಿ ಆ ಚಿತ್ರವನ್ನು ನೋಡಿದ್ದಾಳೆಯೆ?

ಈ ಹುಡುಗನ ಅರ್ಜಿ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಪ್ರಶಸ್ತಿಯ ಊರಿಗೆ ಹೋಗುವ ಮೊದಲು ಅವನು ಇಲ್ಲಿಗೆ ಬರುತ್ತೇನೆ ಎನ್ನುತ್ತಾನೆ.

ಆಕ್ಷೇಪಗಳನ್ನು ನಾನು ಹಗುರ ಮಾಡುವುದಿಲ್ಲ. ಊರಿನ ಹೆಸರು ಕೆಟ್ಟರೆ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲ ಎಂದವರ ಭಯ ಸುಳ್ಳಲ್ಲ, ಹಾಗೆ ತಪ್ಪಿಹೋದ ಮದುವೆಗಳು ಈ ಭಾಗದಲ್ಲಿ ಆಗಿವೆ. ಆದ್ದರಿಂದ ಯಾವ ಮನೆಯವರು ಬೇಡ ಎನ್ನುತ್ತಾರೋ ಆ ಮನೆಯ ಭಾಗವನ್ನು ತೆಗೆಯಬೇಕು. ಚಿತ್ರದಲ್ಲಿರುವ ತಾಯಂದಿರಿಗೆ ಮೊದಲು ಅವರವರ ಜಗಲಿಯಲ್ಲೇ ತೋರಿಸಿ ಒಪ್ಪಿಗೆ ಪಡೆಯಬೇಕು. ಇದಕ್ಕೆ ಹುಡುಗ ಒಪ್ಪಿದ್ದಾನೆ.

ಜಾತ್ರೆಯ ಸಂಭ್ರಮದಲ್ಲಿ ದುಃಖ ಯಾಕೆ ಎಂಬುದು ಎರಡನೆಯ ಆಕ್ಷೇಪ. ಇದನ್ನು ಮಾತ್ರ ನಾನು ಒಪ್ಪಲಾರೆ. ಹರಿಶ್ಚಂದ್ರನ ಪ್ರಸಂಗದಲ್ಲಿ ಸತ್ತ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಚಂದ್ರಮತಿ ಸ್ಮಶಾನದಲ್ಲಿ ಅಳುವುದನ್ನು ಇದೇ ಗದ್ದೆಯಲ್ಲಿ ಎಷ್ಟು ರಾತ್ರಿ ನೋಡಿಲ್ಲ ನಾವು? ಸೆರಗಿನಿಂದ ಕಣ್ಣೊರೆಸಿಕೊಂಡ ಅಜ್ಜಿಯಂದಿರು ಬೆಳಿಗ್ಗೆ ದೇವರಿಗೆ ಕೈಮುಗಿದೇ ಮನೆಗೆ ಹೋದದ್ದು. ಪುರಾಣದ ತಾಯಿಗೆ ಜಾಗವಿರುವ ಗದ್ದೆಯಲ್ಲಿ ಪಕ್ಕದ ಮನೆಯ ತಾಯಿಗೂ ಜಾಗ ಇದ್ದೀತು.

ನಮ್ಮ ಜನರಿಗೆ ಇಂಥ ಸಿನಿಮಾ ಅರ್ಥವಾಗುವುದಿಲ್ಲ ಎಂದು ಒಬ್ಬರು ಹೇಳಿದರು. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ಅಡಿಕೆ ತೋಟದ ಕೆಲಸದವರನ್ನೂ ಕೂರಿಸಿಕೊಂಡು 'ಪಥೇರ್ ಪಾಂಚಾಲಿ', 'ರಶೋಮನ್' ತೋರಿಸಿದರು, ಆಮೇಲೆ ಚರ್ಚೆಯನ್ನೂ ಮಾಡಿಸಿದರು. ತಾಳಮದ್ದಳೆಯಲ್ಲಿ ನಾಲ್ಕು ತಾಸು ವಾದ ಕೇಳುವ ನಮಗೆ ಒಂದು ಗಂಟೆಯ ಚಿತ್ರ ಅರ್ಥವಾಗದೆ?

ಸಮಿತಿಗೆ ನನ್ನ ವಿನಂತಿ ಇಷ್ಟು. ರಾತ್ರಿಪೂಜೆ ಮುಗಿದು ಅನ್ನಸಂತರ್ಪಣೆಯಾದ ಮೇಲೆ, ಆಟದ ಕೇಳಿ ಬಡಿಯುವ ಮೊದಲು ಒಂದೂವರೆ ಗಂಟೆ ಕೊಡಿ. ಟಿಕೇಟು ಬೇಡ, ಹುಂಡಿಯೂ ಬೇಡ, ಖರ್ಚನ್ನು ಹರಕೆಯಾಗಿ ಹೊರಲು ಇಬ್ಬರು ಭಕ್ತರು ಈಗಾಗಲೇ ಮುಂದೆ ಬಂದಿದ್ದಾರೆ. ಗಾಲಿಕುರ್ಚಿಯಲ್ಲಿ ಬರುವ ಮಕ್ಕಳಿಗಾಗಿ ಗದ್ದೆಯ ಹುಣಿ ಕಡಿದು ದಾರಿ ಸಮ ಮಾಡಬೇಕು, ಆ ಕೆಲಸಕ್ಕೆ ಯುವಕ ಸಂಘದವರು ಕೈಜೋಡಿಸಬೇಕು. ಪರದೆಯ ಪಕ್ಕದಲ್ಲಿ ಒಂದು ಮೈಕ್ ಇರಲಿ. ಚಿತ್ರ ಮುಗಿದ ಮೇಲೆ ಹುಡುಗ ಅಲ್ಲಿ ನಿಲ್ಲಲಿ, ಕೇಳುವವರು ಕೇಳಲಿ, ಬೈಯುವವರು ಬೈಯಲಿ. ಮೊದಲ ಮಾತು ಮಾತ್ರ ಆ ತಾಯಂದಿರದ್ದಾಗಲಿ.